ತೆಗೆದಷ್ಟು ತುಂಬಿಸಿ: ಕಲ್ಲಿದ್ದಲು ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಲ್ಲಿದ್ದಲು ಸಚಿವರು,
ಭಾರತ ಸರ್ಕಾರ, ನವದೆಹಲಿ

ವಿಷಯ: ಭೂಗತ ಕಲ್ಲಿದ್ದಲು ಗಣಿಗಳ ಮೇಲಿನ ನೆಲ ಕುಸಿಯುವುದನ್ನು ತಡೆಯುವ ಬಗ್ಗೆ

ಮಾನ್ಯರೇ,

ಭೂಗತ ಕಲ್ಲಿದ್ದಲು ಗಣಿಗಳಿಗೆ ಮತ್ತೆ ಒತ್ತು ಕೊಡಬೇಕೆಂದು ತಮ್ಮ ಸಚಿವಾಲಯ ತೀರ್ಮಾನಿಸಿದೆ. 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ನೆಲದಡಿಯಿಂದ ತೆಗೆಯುವ ಗುರಿ ಇಟ್ಟುಕೊಂಡಿದ್ದೀರಿ. 2025ರಲ್ಲಿ ಅದಕ್ಕಾಗಿ ರಿಯಾಯಿತಿಗಳೂ ಬಂದವು. ಹರಾಜಿನಲ್ಲಿ ಗಣಿ ಹಿಡಿದವರು ಸರ್ಕಾರಕ್ಕೆ ಕೊಡಬೇಕಾದ ಆದಾಯದ ಕನಿಷ್ಠ ಪಾಲು ಶೇಕಡ 4ರಿಂದ 2ಕ್ಕೆ ಇಳಿಯಿತು. ಮುಂಗಡ ಹಣ ಕಟ್ಟುವುದೂ ತಪ್ಪಿತು. ತೆರೆದ ಗಣಿಗಿಂತ ಭೂಗತ ಗಣಿ ಒಳ್ಳೆಯದು, ಕಾಡು ಕಡಿಯಬೇಕಿಲ್ಲ, ಧೂಳು ಕಡಿಮೆ, ಊರನ್ನು ಎಬ್ಬಿಸಬೇಕಿಲ್ಲ ಎನ್ನುತ್ತೀರಿ. ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತೆಗೆದ ಜಾಗವನ್ನು ತುಂಬಿಸಿದರೆ ಮಾತ್ರ ಇದು ನಿಜ. ತುಂಬಿಸದೇ ಹೋದರೆ ಮೇಲಿನ ಕಾಡೂ ಇಲ್ಲ, ಗದ್ದೆಯೂ ಇಲ್ಲ, ಊರೂ ಇಲ್ಲ. ಹೋಗುವುದು ಸ್ವಲ್ಪ ತಡವಾಗುತ್ತದೆ ಅಷ್ಟೇ.

ನಾನು ಬಂಗಾರಪೇಟೆ ಕಡೆಯವನು. ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಓದಿ, ಸರ್ವೇಯರ್ ಆಗಿ ಕೆಲಸ ಮಾಡಿದ್ದು ಬಂಗಾಳ ಮತ್ತು ಜಾರ್ಖಂಡ್‌ನ ಕಲ್ಲಿದ್ದಲು ಗಣಿಗಳಲ್ಲಿ. ಈಗ ನಿವೃತ್ತ. ಕೆಲಸ ಕೊಟ್ಟ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಕಂಪನಿಯನ್ನು ಬೈದು ಸುಮ್ಮನಾಗುವ ವಿಷಯ ಇದಲ್ಲ. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ತಮ್ಮ ಕಚೇರಿಯಲ್ಲಿ ಅನುವಾದ ಮಾಡುವವರು ಇದ್ದಾರೆ. ನಮ್ಮ ಜನಕ್ಕೆ ಈ ಕಥೆ ಹೇಳುವವರು ಕಡಿಮೆ. ರಾಯಚೂರಿನ ಶಕ್ತಿನಗರದಲ್ಲಿ, ಯರಮರಸ್‌ನಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಉರಿಯುವ ಕಲ್ಲಿದ್ದಲಿನಲ್ಲಿ ಒಂದು ತುಂಡೂ ಕರ್ನಾಟಕದ್ದಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ಬರುತ್ತದೆ. ಬೆಳಕು ಇಲ್ಲಿ, ಬಿರುಕು ಅಲ್ಲಿ. ಇದನ್ನು ನಾವೂ ತಿಳಿದಿರಬೇಕು ಅಲ್ವಾ?

ಗಣಿಯ ಒಳಗೆ ಏನಾಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ತಮಗೆ ಗೊತ್ತಿರುತ್ತದೆ, ಓದುಗರಿಗಾಗಿ. ನಮ್ಮ ದೇಶದ ಬಹುಪಾಲು ಭೂಗತ ಗಣಿಗಳಲ್ಲಿ ಮೊದಲು ಕಲ್ಲಿದ್ದಲಿನ ಪದರದೊಳಗೆ ಉದ್ದಕ್ಕೂ ಅಡ್ಡಕ್ಕೂ ದಾರಿ ಕೊರೆಯುತ್ತಾರೆ. ನಡುವೆ ಕಲ್ಲಿದ್ದಲಿನದೇ ದಪ್ಪ ಕಂಬಗಳು ಉಳಿಯುತ್ತವೆ. ಇವಕ್ಕೆ ಪಿಲ್ಲರ್ ಎನ್ನುತ್ತಾರೆ. ಪಿಲ್ಲರ್ ಇರುವ ತನಕ ಮೇಲಿನ ನೆಲಕ್ಕೆ ಹೆಚ್ಚಿನ ತೊಂದರೆ ಇಲ್ಲ. ಆಮೇಲೆ ಡಿಪಿಲ್ಲರಿಂಗ್ ಶುರುವಾಗುತ್ತದೆ. ತುದಿಯಿಂದ ಒಂದೊಂದೇ ಪಿಲ್ಲರ್ ತೆಗೆಯುತ್ತಾ ಹಿಂದೆ ಬರುತ್ತಾರೆ. ಖಾಲಿಯಾದ ಜಾಗಕ್ಕೆ ಗೋಫ್ ಎನ್ನುತ್ತಾರೆ. ಗೋಫಿನ ಚಾವಣಿ ಬಿದ್ದುಹೋಗಲಿ ಎಂದು ಬಿಟ್ಟರೆ ಅದು ಕೇವಿಂಗ್. ಮರಳು ತುಂಬಿದರೆ ಸ್ಟೋವಿಂಗ್. ಎಲ್ಲ ಜಗಳವೂ ಈ ಎರಡರ ನಡುವೆಯೇ.

ಲೆಕ್ಕ ಸುಲಭ. ಮೂರು ಮೀಟರ್ ದಪ್ಪದ ಪದರವನ್ನು ಅಗಲವಾಗಿ ತೆಗೆದು, ಚಾವಣಿ ಬೀಳಲು ಬಿಟ್ಟರೆ, ಮೇಲಿನ ನೆಲ ಒಂದೂವರೆ ಮೀಟರ್‌ಗೂ ಜಾಸ್ತಿ ಕೂರಬಹುದು. ಅದೇ ಜಾಗಕ್ಕೆ ನೀರಿನ ಜತೆ ಮರಳು ಹರಿಸಿ ಚೆನ್ನಾಗಿ ತುಂಬಿದರೆ ನೆಲ ಇಳಿಯುವುದು ಪದರದ ದಪ್ಪದ ನೂರಕ್ಕೆ ಐದರ ಆಸುಪಾಸು, ಅಂದರೆ ಒಂದು ಗೇಣಿನೊಳಗೆ. ಇದು ಹೊಸ ಸಂಶೋಧನೆ ಏನಲ್ಲ. ಧನ್‌ಬಾದ್‌ನಲ್ಲಿ ಗಣಿ ಓದಿದ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ.

ನೆಲ ಒಂದೇ ತರಹ ಕುಸಿಯುವುದಿಲ್ಲ. ಗಣಿ ಆಳದಲ್ಲಿದ್ದರೆ ಮೇಲೆ ಬಾಣಲೆಯ ಹಾಗೆ ನಿಧಾನವಾಗಿ ತಗ್ಗು ಬೀಳುತ್ತದೆ. ಗಣಿ ಮೂವತ್ತು ನಲವತ್ತು ಮೀಟರ್ ಒಳಗೇ ಇದ್ದರೆ ಸುಳಿವೇ ಕೊಡದೆ ಬಾವಿಯಷ್ಟು ಗುಂಡಿ ಬಾಯಿ ತೆರೆಯುತ್ತದೆ. ಜಾರ್ಖಂಡ್‌ನ ಝರಿಯಾದ ಜನ ಈ ಗುಂಡಿಗೂ ಗೋಫ್ ಎಂದೇ ಹೇಳುತ್ತಾರೆ. ಹೆಚ್ಚಾಗಿ ಇದು ಆಗುವುದು ಮಳೆಗಾಲದಲ್ಲಿ. ನೀರು ಇಳಿದು ಮೇಲ್ಮಣ್ಣು ಭಾರವಾದಾಗ. 2017ರ ಮೇ ತಿಂಗಳಲ್ಲಿ ಝರಿಯಾದ ಇಂದಿರಾ ಚೌಕ್‌ನಲ್ಲಿ ಒಬ್ಬ ತಂದೆ ಮತ್ತು ಅವರ ಮಗ ಹೀಗೆ ಬಾಯಿ ತೆರೆದ ನೆಲದೊಳಗೆ ಹೋದರು. ಅದು ಕಾಡಿನ ಮೂಲೆಯಲ್ಲ, ಜನ ಓಡಾಡುವ ಊರಿನ ರಸ್ತೆ ಬದಿ.

ನಿಧಾನವಾದ ಕುಸಿತ ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಜಾಸ್ತಿ ಜನರನ್ನು ಹಾಳು ಮಾಡುವುದು ಅದೇ. ಬಂಗಾಳದ ರಾಣಿಗಂಜ್ ಕಡೆಯ ಒಂದು ಹಳ್ಳಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಆಷಾಢದಲ್ಲಿ ನಾಟಿ ಮಾಡಿದ ಗದ್ದೆಯಲ್ಲಿ ಸಂಜೆ ಮೊಣಕಾಲುದ್ದ ನೀರಿತ್ತು. ಬೆಳಿಗ್ಗೆ ನೋಡಿದರೆ ಕೆಸರು ಮಾತ್ರ. ಬದುವಿನ ಪಕ್ಕದಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಬಿಟ್ಟಿತ್ತು, ನೀರೆಲ್ಲ ಅದರೊಳಗೆ ಇಳಿದಿತ್ತು. ಆ ನೀರು ಹೋಗಿದ್ದು ಎಲ್ಲಿಗೆ? ಗಣಿಗೆ. ಕೆಳಗೆ ಪಂಪ್ ಹಾಕಿ ಅದನ್ನೇ ಮತ್ತೆ ಮೇಲೆತ್ತಿ ಹಳ್ಳಕ್ಕೆ ಬಿಟ್ಟರು. ರೈತ ಹಳ್ಳದ ಕಡೆ ಕೈ ತೋರಿಸಿ "ನೋಡಿ ಬಾಬು, ನನ್ನ ಗದ್ದೆ ನೀರು ಹೋಗ್ತಾ ಇದೆ" ಎಂದ. ಆ ವರ್ಷ ಅವನಿಗೆ ಬೆಳೆ ಇಲ್ಲ. ಕೊಳವೆಬಾವಿಗಳೂ ಒಂದೊಂದಾಗಿ ನಿಂತವು. ಕಂಪನಿ ಟ್ಯಾಂಕರ್ ಕಳಿಸಿತು. ಟ್ಯಾಂಕರ್ ಬಂದ ದಿನ ನೀರು, ಬಾರದ ದಿನ ಇಲ್ಲ.

ಬಿರುಕಿನ ಕಥೆ ನೀರಿಗೇ ಮುಗಿಯುವುದಿಲ್ಲ. ಮೇಲಿನಿಂದ ಗಾಳಿಯೂ ಇಳಿಯುತ್ತದೆ. ಗೋಫಿನಲ್ಲಿ ಉಳಿದ ಕಲ್ಲಿದ್ದಲಿಗೆ ಗಾಳಿ ತಾಕಿದರೆ ತಾನೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಬೆಂಕಿ ಇನ್ನಷ್ಟು ಕಲ್ಲಿದ್ದಲು ತಿನ್ನುತ್ತದೆ, ಪಿಲ್ಲರ್‌ಗಳನ್ನೂ ತಿನ್ನುತ್ತದೆ, ನೆಲ ಇನ್ನಷ್ಟು ಕುಸಿಯುತ್ತದೆ, ಹೊಸ ಬಿರುಕು ಬರುತ್ತದೆ, ಮತ್ತೆ ಗಾಳಿ. ಝರಿಯಾದಲ್ಲಿ ಇದು ಮೊದಲು ಗೊತ್ತಾಗಿದ್ದು 1916ರಲ್ಲಿ, ಭೌರಾ ಗಣಿಯಲ್ಲಿ. ನೂರು ವರ್ಷ ದಾಟಿತು, ಇನ್ನೂ ಉರಿಯುತ್ತಿದೆ. 2017ರ ಜೂನ್‌ನಲ್ಲಿ ಧನ್‌ಬಾದ್–ಚಂದ್ರಪುರ ರೈಲು ಮಾರ್ಗವನ್ನೇ ಈ ಬೆಂಕಿಯ ಕಾರಣಕ್ಕೆ ಮುಚ್ಚಬೇಕಾಯಿತು. 2019ರಲ್ಲಿ ಮತ್ತೆ ರೈಲು ಓಡಿತು ಅನ್ನಿ. ಝರಿಯಾದ ಆರ್‌ಎಸ್‌ಪಿ ಕಾಲೇಜು ಮಾತ್ರ ಊರು ಬಿಟ್ಟು ಹೋಗಬೇಕಾಯಿತು.

ಇನ್ನು ನನ್ನ ನಿಜವಾದ ದೂರಿಗೆ ಬರುತ್ತೇನೆ.

ನೆಲ ತಗ್ಗಾದಾಗ ನಡುವಿನ ಜಾಗ ಒತ್ತಿಕೊಳ್ಳುತ್ತದೆ, ಅಂಚಿನ ಜಾಗ ಎಳೆದುಕೊಳ್ಳುತ್ತದೆ. ಇಟ್ಟಿಗೆ ಗೋಡೆ ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಮೀಟರ್‌ಗೆ ಮೂರು ಮಿಲಿಮೀಟರ್ ಎಳೆತ ಎಂಬುದು ನಮ್ಮಲ್ಲಿ ಸಾಮಾನ್ಯವಾಗಿ ಹಿಡಿಯುವ ಮಿತಿ. ಅದು ದಾಟಿದರೆ ಕಟ್ಟಡಕ್ಕೆ ಅಪಾಯ. ಹಾಗಾಗಿ ತಗ್ಗಿನ ನಟ್ಟನಡುವಿನ ಮನೆ ಒಂದು ಮೀಟರ್ ಇಳಿದೂ ಒಂದೇ ತುಂಡಾಗಿ ನಿಂತಿರಬಹುದು. ಅಂಚಿನಲ್ಲಿರುವ, ಸ್ವಲ್ಪವೇ ಇಳಿದ ಮನೆ ಎರಡು ಹೋಳಾಗಬಹುದು. ಸರ್ವೇಯರ್‌ಗೆ ಇದು ಅಆಇಈ. ಆದರೆ ಪರಿಹಾರ ಕೇಳಿ ಬಂದವರಿಗೆ ಕಚೇರಿಯಲ್ಲಿ ಏನು ಹೇಳುತ್ತಿದ್ದರು ಗೊತ್ತಾ? "ನಿಮ್ಮ ಮನೆ ಗಣಿಯ ನೇರ ಮೇಲೆ ಇಲ್ಲ. ಗಣಿಯ ಮೇಲಿರುವ ಮನೆಯೇ ಬಿರುಕು ಬಿಟ್ಟಿಲ್ಲ, ನಿಮ್ಮದು ಹೇಗೆ ಬಿಟ್ಟಿತು? ನಿಮ್ಮ ಪಾಯ ಸರಿಯಿಲ್ಲ." ಇಷ್ಟು ಹೇಳಿ ಫೈಲ್ ಮುಚ್ಚುತ್ತಿದ್ದರು. ಹೇಳುತ್ತಿದ್ದವರು ತಿಳಿಯದವರಲ್ಲ. ತಿಳಿದವರೇ.

ಬಿರುಕು ಬೆಳೆಯುತ್ತಿದೆಯೇ ಎಂದು ನೋಡಲು ಒಂದು ಹಳೆಯ ಉಪಾಯ ಇದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಗಾರೆ ಹಾಕಿ ಅಂಟಿಸುತ್ತೇವೆ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆಯುತ್ತೇವೆ. ನೆಲ ಅಲುಗಿದರೆ ಗಾಜು ಟಪ್ ಎಂದು ಒಡೆಯುತ್ತದೆ. ಒಂದು ಹಳ್ಳಿ ಶಾಲೆಯ ಗೋಡೆಯಲ್ಲಿ ಇಂಥ ಪಟ್ಟಿಗಳನ್ನು ಹಾಕಿದ್ದೆವು. ಒಂದು ಒಡೆದ ಮೇಲೆ ಅದರ ಕೆಳಗೆ ಇನ್ನೊಂದು, ಅದೂ ಒಡೆದ ಮೇಲೆ ಮತ್ತೊಂದು, ಹೀಗೆ ಗಾಜಿನ ಏಣಿಯೇ ಆಗಿತ್ತು. ಮಕ್ಕಳು ಅದರ ಪಕ್ಕದಲ್ಲೇ ಕೂತು ಮಗ್ಗಿ ಹೇಳುತ್ತಿದ್ದರು. ಪ್ರತಿ ಪಟ್ಟಿಯ ವರದಿಯೂ ಕಚೇರಿಗೆ ಹೋಗಿದೆ. ಊರಿನವರಿಗೆ ಅದರ ಒಂದು ಪ್ರತಿಯೂ ಸಿಕ್ಕಿಲ್ಲ. ಕೇಳಿದರೆ "ಆಂತರಿಕ ದಾಖಲೆ" ಎಂಬ ಉತ್ತರ.

ನೆಲದ ಮಟ್ಟ ಅಳೆಯಲು ಹೊಲಗಳಲ್ಲಿ ಸಾಲಾಗಿ ಕಬ್ಬಿಣದ ಗೂಟ ಹೂಳುತ್ತೇವೆ. ಅದಕ್ಕೆ ಜನ ಮೇಕೆ ಕಟ್ಟುತ್ತಿದ್ದರು, ಕೆಲವನ್ನು ಕಿತ್ತು ಗುಜರಿಗೂ ಹಾಕಿದರು. ಕಂಪನಿಯವರು ಜನರನ್ನೇ ದೂರುತ್ತಿದ್ದರು. ಆ ಗೂಟ ಯಾಕಿದೆ, ಅದು ಅವರದೇ ಮನೆಯ ಬಗ್ಗೆ ಏನು ಹೇಳುತ್ತದೆ ಎಂದು ಯಾರಾದರೂ ಒಮ್ಮೆ ಕೂರಿಸಿ ಹೇಳಿದ್ದರೆ ಜನರೇ ಅದನ್ನು ಕಾಯುತ್ತಿದ್ದರು ಎಂದು ನನ್ನ ನಂಬಿಕೆ.

ಸ್ಟೋವಿಂಗ್‌ಗೆ ಅನುಮತಿ ಪಡೆದ ಗಣಿಯಲ್ಲಿ ಏನಾಗುತ್ತಿತ್ತು ಎಂದೂ ಹೇಳಬೇಕು. ಮೇಲೆ ಊರಿದೆ, ರಸ್ತೆ ಇದೆ, ಆದ್ದರಿಂದ ತುಂಬಿಸಿಯೇ ತೆಗೆಯುತ್ತೇವೆ ಎಂದು ಬರೆದುಕೊಟ್ಟು ಅನುಮತಿ ತರುತ್ತಾರೆ. ಒಂದು ಟನ್ ಕಲ್ಲಿದ್ದಲು ತೆಗೆದ ಜಾಗಕ್ಕೆ ಒಂದು ಟನ್‌ಗಿಂತ ತುಸು ಜಾಸ್ತಿಯೇ ಮರಳು ಬೇಕು. ಮರಳು ಬರುವುದು ದಾಮೋದರ ನದಿಯಿಂದ. ಹಿಂದೆ ಸ್ಟೋವಿಂಗ್ ನೋಡಿಕೊಳ್ಳುವ ಸರ್ಕಾರಿ ಕೋಲ್ ಬೋರ್ಡ್ ಇದ್ದ ಕಾಲದಲ್ಲಿ ನದಿಯಿಂದ ಗಣಿಗೆ ರೋಪ್‌ವೇ ಹಾಕಿ ಮರಳು ಸಾಗಿಸುತ್ತಿದ್ದರು. ನಾನು ನೋಡುವ ಹೊತ್ತಿಗೆ ಲಾರಿ ಬಂದಿತ್ತು, ಮರಳಿಗೆ ಕಟ್ಟಡದವರ ಪೈಪೋಟಿಯೂ ಬಂದಿತ್ತು. ಮರಳು ಬಾರದ ದಿನ ತುಂಬಿಸುವ ಕೆಲಸ ನಿಲ್ಲುತ್ತಿತ್ತು. ತೆಗೆಯುವ ಕೆಲಸ ನಿಲ್ಲುತ್ತಿರಲಿಲ್ಲ. ತಿಂಗಳ ಟಾರ್ಗೆಟ್ ಇರುವುದು ಕಲ್ಲಿದ್ದಲಿಗೆ, ಮರಳಿಗಲ್ಲ. ಕೊನೆಗೆ ರಿಜಿಸ್ಟರ್‌ನಲ್ಲಿ ಎರಡೂ ಸರಿಹೋಗುತ್ತಿದ್ದವು. ನೆಲ ಮಾತ್ರ ರಿಜಿಸ್ಟರ್ ನೋಡುವುದಿಲ್ಲ.

ತಪ್ಪು ಗಣಿಯೊಳಗೆ ಕೆಲಸ ನೋಡಿಕೊಳ್ಳುವ ಸಿರ್ದಾರ್‌ದಲ್ಲ, ಅವನ ಮೇಲಿನ ಓವರ್‌ಮ್ಯಾನ್‌ದೂ ಅಲ್ಲ. ತುಂಬಿಸುವುದು ಕಂಪನಿಗೆ ಬರೀ ಖರ್ಚು, ತುಂಬಿಸದೇ ಇರುವುದರ ಖರ್ಚು ಇನ್ನೊಬ್ಬರ ತಲೆಗೆ. ಎಲ್ಲಿಯವರೆಗೆ ಲೆಕ್ಕ ಹೀಗಿರುತ್ತದೋ ಅಲ್ಲಿಯವರೆಗೆ ಎಷ್ಟು ಸುತ್ತೋಲೆ ಕಳಿಸಿದರೂ ಪ್ರಯೋಜನ ಇಲ್ಲ.

ಬ್ರಿಟಿಷರಿಗೂ ಇದು ಗೊತ್ತಿತ್ತು. 1939ರಲ್ಲೇ ಸ್ಟೋವಿಂಗ್ ಕಾಯ್ದೆ ತಂದು, ಕಲ್ಲಿದ್ದಲಿನ ಮೇಲೆ ಸೆಸ್ ಹಾಕಿ, ಆ ಹಣದಿಂದ ತುಂಬಿಸುವ ಗಣಿಗಳಿಗೆ ನೆರವು ಕೊಡುವ ಏರ್ಪಾಡು ಮಾಡಿದರು. ಸ್ವಾತಂತ್ರ್ಯದ ನಂತರವೂ ಅದು ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. ಕೊನೆಯಲ್ಲಿ ಟನ್‌ಗೆ 10 ರೂಪಾಯಿ ಸ್ಟೋವಿಂಗ್ ಸುಂಕ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದು ಹೋಯಿತು. ಅದೇ ಕಲ್ಲಿದ್ದಲಿನ ಮೇಲೆ 2016ರಿಂದ ಟನ್‌ಗೆ 400 ರೂಪಾಯಿ ಸೆಸ್ ಇತ್ತು. ಮೊದಲು ಶುದ್ಧ ಪರಿಸರದ ಹೆಸರಿನಲ್ಲಿ, ಆಮೇಲೆ ರಾಜ್ಯಗಳಿಗೆ ಜಿಎಸ್‌ಟಿ ನಷ್ಟ ತುಂಬಿಕೊಡುವ ಹೆಸರಿನಲ್ಲಿ. ರಾಜ್ಯಗಳ ನಷ್ಟ ತುಂಬಿಕೊಡಲು ಟನ್‌ಗೆ 400 ರೂಪಾಯಿ ಹುಟ್ಟಿತು, ನೆಲದ ನಷ್ಟ ತುಂಬಿಕೊಡಲು 10 ರೂಪಾಯಿಯೂ ಉಳಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಆ 400ರ ಸೆಸ್ ಕೂಡ ರದ್ದಾಗಿ, ಜಿಎಸ್‌ಟಿ ಶೇಕಡ 5ರಿಂದ 18ಕ್ಕೆ ಏರಿತು. ತೆರಿಗೆಯನ್ನು ಹೇಗೆ ಬೇಕೋ ಹಾಗೆ ತಿದ್ದಬಹುದು ಎಂದಾಯಿತು. ಹಾಗಾದರೆ ತುಂಬಿಸುವ ಕೆಲಸಕ್ಕೆಂದೇ ಒಂದು ಪ್ರತ್ಯೇಕ ನಿಧಿ ಮತ್ತೆ ಯಾಕೆ ಸಾಧ್ಯವಿಲ್ಲ? ಇದರ ಹೊರೆ ಕೊನೆಗೆ ನಮ್ಮ ಕರೆಂಟ್ ಬಿಲ್‌ಗೆ ಬರುತ್ತದೆ, ಗೊತ್ತು. ಬರಲಿ. ಬೆಂಗಳೂರಿನ ಏಸಿಯ ಬೆಲೆಯನ್ನು ರಾಣಿಗಂಜ್‌ನ ರೈತ ಕಟ್ಟುವುದಕ್ಕಿಂತ ಅದು ಮೇಲು.

ಮರಳೇ ಬೇಕು ಎಂದು ನಾನು ಹಠ ಹಿಡಿಯುವುದಿಲ್ಲ. ನದಿಗಳಲ್ಲಿ ಮರಳು ಉಳಿದಿಲ್ಲ, ಇರುವುದನ್ನೂ ಬಗೆದರೆ ಇನ್ನೊಂದು ಊರಿನ ಅಂತರ್ಜಲ ಹೋಗುತ್ತದೆ. ಬದಲಿ ದಾರಿಗಳಿವೆ. ತೆರೆದ ಗಣಿಗಳ ಪಕ್ಕದಲ್ಲಿ ಗುಡ್ಡವಾಗಿ ಬಿದ್ದಿರುವ ಮೇಲ್ಮಣ್ಣು-ಕಲ್ಲನ್ನು ಪುಡಿಮಾಡಿ ಮರಳು ಮಾಡಬಹುದು. ಇದನ್ನು ನಮ್ಮ ಸರ್ಕಾರಿ ಕಂಪನಿಗಳೇ ಮಾಡಿ ತೋರಿಸಿವೆ. ವಿದ್ಯುತ್ ಸ್ಥಾವರಗಳ ಬೂದಿ ಇದೆ. ಶಕ್ತಿನಗರದಲ್ಲಿ ಕೃಷ್ಣಾ ನದಿಯ ಹತ್ತಿರ ಬಿದ್ದಿರುವ ಬೂದಿಯನ್ನು ನೋಡಿದವರಿಗೆ ಗೊತ್ತು, ಗಾಳಿ ಬೀಸಿದರೆ ಸುತ್ತಲಿನ ಊರಿನವರ ಪಾಡೇನು ಎಂದು. ಕಲ್ಲಿದ್ದಲು ತಂದ ರೈಲು ವ್ಯಾಗನ್‌ಗಳು ಖಾಲಿಯಾಗಿ ವಾಪಸ್ ಹೋಗುತ್ತವೆ. 2020ರಲ್ಲಿ ಉತ್ತರ ಪ್ರದೇಶದ ರಿಹಂದ್ ಸ್ಥಾವರದಿಂದ ಸಿಮೆಂಟ್ ಕಾರ್ಖಾನೆಗೆ ಹಾರುಬೂದಿಯನ್ನು ಇಂಥದೇ ವ್ಯಾಗನ್‌ಗಳಲ್ಲಿ ಕಳಿಸಿದ್ದಾರೆ. 2021ರ ಡಿಸೆಂಬರ್‌ನ ಬೂದಿ ಅಧಿಸೂಚನೆಯೂ ಗಣಿಯ ಖಾಲಿ ಜಾಗ ತುಂಬಲು ಬೂದಿ ಬಳಸಬಹುದು ಎನ್ನುತ್ತದೆ. ಒಂದು ಎಚ್ಚರಿಕೆ ಮಾತ್ರ. ಬೂದಿಯಲ್ಲಿ ಭಾರ ಲೋಹಗಳಿರುತ್ತವೆ, ಅಂತರ್ಜಲಕ್ಕೆ ಇಳಿಯಬಹುದು. ನೀರು ಪರೀಕ್ಷೆ ಮಾಡದೆ ಸುಮ್ನೆ ಸುರಿದರೆ ಒಂದು ಪಾಪ ತೊಳೆಯಲು ಹೋಗಿ ಇನ್ನೊಂದು ಕಟ್ಟಿಕೊಂಡಂತೆ.

ಛತ್ತೀಸ್‌ಗಢದ ಕೋರ್ಬಾದ ಸಿಂಘಾಲಿ ಗಣಿಯ ವಿಷಯ ತಮಗೆ ಚೆನ್ನಾಗಿ ಗೊತ್ತಿದೆ. ಅದರ ಮೇಲೆ ಹಳ್ಳಿಗಳಿವೆ, ಹೈಟೆನ್ಷನ್ ತಂತಿಗಳಿವೆ, ಲೋಕೋಪಯೋಗಿ ರಸ್ತೆ ಇದೆ. ಚಾವಣಿ ಬೀಳಲು ಬಿಡುವ ಹಾಗಿಲ್ಲ. ಅದಕ್ಕೆ 2025ರಲ್ಲಿ ಸರ್ಕಾರಿ ಕಲ್ಲಿದ್ದಲು ಕಂಪನಿ ಎಸ್‌ಇಸಿಎಲ್ ಪೇಸ್ಟ್ ಫಿಲ್ ತಂತ್ರಜ್ಞಾನಕ್ಕಾಗಿ 7,040 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಬೂದಿ, ಪುಡಿಕಲ್ಲು, ಸಿಮೆಂಟ್, ನೀರು ಕಲಸಿ ಗಟ್ಟಿ ಹಿಟ್ಟಿನಂತೆ ಮಾಡಿ ಗೋಫಿಗೆ ತುಂಬುವ ವಿಧಾನ ಇದು. ಕಲ್ಲಿದ್ದಲು ಕಂಪನಿಯೊಂದು ಇದನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡದ್ದು ದೇಶದಲ್ಲಿ ಇದೇ ಮೊದಲು. ಮನಸಾರೆ ಸ್ವಾಗತಿಸುತ್ತೇನೆ. ಆದರೆ ನನ್ನ ಪ್ರಶ್ನೆ ಇಷ್ಟೇ. ಒಂದು ಗಣಿಯಲ್ಲಿ ಇದು ಲೆಕ್ಕಕ್ಕೆ ಕುದುರುತ್ತದೆ ಎಂದಾದರೆ, ಊರಿನ ಕೆಳಗೆ ಹರಾಜಾಗುವ ಉಳಿದ ಗಣಿಗಳಿಗೆ ಇದು ಷರತ್ತು ಯಾಕಲ್ಲ?

ಕೆಜಿಎಫ್‌ನವರಿಗೆ ಈ ಮಾತು ಹೊಸದಲ್ಲ. ಅಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿತ್ತು. ಅದಿರು ತೆಗೆದ ಜಾಗದಲ್ಲಿ ಗ್ರಾನೈಟ್ ಕಲ್ಲಿನ ಪ್ಯಾಕ್ ಕಟ್ಟುತ್ತಿದ್ದರು, ಆಮೇಲೆ ಕಾಂಕ್ರೀಟ್ ಹಾಕಿದರು. ಅಷ್ಟಾದರೂ ರಾಕ್‌ಬರ್ಸ್ಟ್, ಅಂದರೆ ಒತ್ತಡಕ್ಕೆ ಬಂಡೆ ಸಿಡಿಯುವುದು, ಆದಾಗ ಮೇಲೆ ಮನೆಯ ಪಾತ್ರೆ ಅಲುಗುತ್ತಿದ್ದವು. ಕಲ್ಲಿನ ವರ್ತನೆ ಅಧ್ಯಯನಕ್ಕೆ ಕೇಂದ್ರ ಸರ್ಕಾರವೇ 1988ರಲ್ಲಿ ಅಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಶುರುಮಾಡಿತು. ಈಗ ಅದು ಬೆಂಗಳೂರಿನಲ್ಲಿದೆ. ಧನ್‌ಬಾದ್‌ನಲ್ಲಿ ಗಣಿ ಸಂಶೋಧನೆಯ ಸರ್ಕಾರಿ ಸಂಸ್ಥೆ ಸಿಂಫರ್ ಇದೆ, ಐಐಟಿ ಇದೆ. ಜ್ಞಾನಕ್ಕೆ ಬರವಿಲ್ಲ ಎಂದು ಹೇಳಲಿಕ್ಕೆ ಇದನ್ನೆಲ್ಲ ಬರೆದೆ.

ಹಳೆಯ ಗಣಿಗಳ ಕಥೆ ಬೇರೆಯೇ. ರಾಣಿಗಂಜ್‌ನಲ್ಲಿ ಕಲ್ಲಿದ್ದಲು ತೆಗೆಯಲು ಶುರುವಾದದ್ದು 1774ರಲ್ಲಿ. 1970ರ ದಶಕದ ಆರಂಭದಲ್ಲಿ ರಾಷ್ಟ್ರೀಕರಣ ಆಗುವವರೆಗೆ ಖಾಸಗಿ ಮಾಲೀಕರು ಸಿಕ್ಕಲ್ಲಿ ಅಗೆದರು. ಝರಿಯಾದಲ್ಲಿ ಒಂದರ ಮೇಲೊಂದು ಹದಿನೆಂಟು ಪದರಗಳಿವೆ. ಯಾವ ಪದರದಲ್ಲಿ ಯಾರು ಎಷ್ಟು ಅಗೆದರು ಎನ್ನುವುದಕ್ಕೆ ಎಷ್ಟೋ ಕಡೆ ನಕ್ಷೆಯೇ ಇಲ್ಲ. ಇದ್ದರೂ ನಂಬುವ ಹಾಗಿಲ್ಲ. ಇಂಥ ಜಾಗಗಳಲ್ಲಿ ಒಳಗೆ ಹೋಗಿ ತುಂಬಿಸಲು ಆಗುವುದಿಲ್ಲ. ಮೇಲಿನಿಂದ ಬೋರ್ ಕೊರೆದು ಮರಳು-ನೀರು ಬಿಟ್ಟು ತುಂಬಬೇಕು. ರಾಣಿಗಂಜ್‌ನಲ್ಲಿ ಇದನ್ನು ಮಾಡಿದ್ದಾರೆ. ನಿಧಾನದ ಕೆಲಸ, ದುಬಾರಿ ಕೆಲಸ, ಆದರೆ ಆಗುವ ಕೆಲಸ.

ತುಂಬಿಸಲು ಆಗದ ಕಡೆ ಜನರನ್ನು ಸ್ಥಳಾಂತರಿಸಬೇಕು. ಅಲ್ಲಿ ನಾವು ಏನು ಮಾಡಿದೆವು? ಆಸನ್‌ಸೋಲ್‌ನ ಸಂಸದರಾಗಿದ್ದ ಹಾರಾಧನ್ ರಾಯ್ ಇದೇ ವಿಷಯಕ್ಕೆ 1997ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರು. ಬೆಂಕಿ, ಕುಸಿತ ತಡೆದು ಜನರನ್ನು ಸ್ಥಳಾಂತರಿಸುವ ಝರಿಯಾ ಮತ್ತು ರಾಣಿಗಂಜ್ ಮಾಸ್ಟರ್ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2009ರ ಆಗಸ್ಟ್‌ನಲ್ಲಿ. ಹನ್ನೆರಡು ವರ್ಷ. ಝರಿಯಾಕ್ಕೆ 7,112 ಕೋಟಿ, ರಾಣಿಗಂಜ್‌ಗೆ 2,661 ಕೋಟಿ. 2021ರಲ್ಲಿ ಝರಿಯಾ ಯೋಜನೆಯ ಅವಧಿ ಮುಗಿಯಿತು, ಕೆಲಸ ಮುಗಿಯಲಿಲ್ಲ. 2004ರ ಸಮೀಕ್ಷೆಯಲ್ಲಿ ಐವತ್ತು ಸಾವಿರ ಚಿಲ್ಲರೆ ಇದ್ದ ಕುಟುಂಬಗಳ ಸಂಖ್ಯೆ ಆಮೇಲಿನ ಸಮೀಕ್ಷೆಯಲ್ಲಿ ಒಂದು ಲಕ್ಷ ದಾಟಿತು. ತಡ ಮಾಡಿದಷ್ಟೂ ಸಂಸಾರಗಳು ಬೆಳೆಯುತ್ತವೆ, ಅವೇನು ಕಾಯುತ್ತವೆಯೇ? 2025ರ ಜೂನ್‌ನಲ್ಲಿ 5,940 ಕೋಟಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಈ ಸಲ ಜೀವನೋಪಾಯಕ್ಕೆ ಕುಟುಂಬಕ್ಕೆ ಒಂದು ಲಕ್ಷ ಅನುದಾನ, ಮೂರು ಲಕ್ಷದವರೆಗೆ ಸಾಲದ ನೆರವು ಸೇರಿಸಿದ್ದೀರಿ. ಬೆಲ್ಗಡಿಯಾದ ಹೊಸ ಕಾಲೊನಿಗೆ ಹೋದವರ ದೊಡ್ಡ ಅಳಲೇ ಕೆಲಸದ್ದು. ಮನೆ ಸಿಕ್ಕಿತು, ಕೂಲಿ ಝರಿಯಾದಲ್ಲೇ ಉಳಿಯಿತು. ಆದ್ದರಿಂದ ಇದು ಒಳ್ಳೆಯ ತಿದ್ದುಪಡಿ. ಹಣ ಕೈಗೆ ಸೇರಿದ ಮೇಲೆಯೇ ಮನೆ ಖಾಲಿ ಮಾಡಿಸಿ, ಅದಕ್ಕೆ ಮೊದಲು ಬೇಡ ಎಂದಷ್ಟೇ ಕೇಳುತ್ತೇನೆ. ಕಾಗದಪತ್ರ ಇರುವವರು, ಇಲ್ಲದವರು ಎಂದು ಜನರನ್ನು ಎರಡು ಮಾಡಿರುವುದೂ ನನಗೆ ಸರಿ ಕಾಣುವುದಿಲ್ಲ. ಮೂರು ತಲೆಮಾರಿನಿಂದ ಧೌಡಾದಲ್ಲಿ, ಅಂದರೆ ಗಣಿ ಕೂಲಿಗಳ ಸಾಲುಮನೆಯಲ್ಲಿ ಬಾಳಿದವನನ್ನು ಅತಿಕ್ರಮಣದಾರ ಎಂದರೆ ಹೇಗೆ? ಅವನ ಅಜ್ಜನನ್ನು ಕರೆತಂದಿದ್ದೇ ಗಣಿ.

ಇನ್ನು ನಕ್ಷೆಗಳ ವಿಷಯ. ಬ್ರಿಟನ್ನಿನಲ್ಲಿ ಮನೆ ಕೊಳ್ಳುವವರು ಅದರ ಕೆಳಗೆ ಗಣಿ ಇತ್ತೇ ಎಂದು ಸರ್ಕಾರಿ ಸಂಸ್ಥೆಯಿಂದ ವರದಿ ತರಿಸಿಕೊಳ್ಳಬಹುದು. 1991ರ ಕಾಯ್ದೆ ಪ್ರಕಾರ ಕುಸಿತದಿಂದ ಕೆಟ್ಟ ಮನೆಯನ್ನು ದುರಸ್ತಿ ಮಾಡಿಕೊಡಬೇಕು, ಇಲ್ಲವೇ ಪರಿಹಾರ ಕೊಡಬೇಕು. ಜರ್ಮನಿಯಲ್ಲಿ ಭೂಗತ ಗಣಿಯ ಪ್ರಭಾವದ ವ್ಯಾಪ್ತಿಯಲ್ಲಿರುವ ಮನೆಗೆ ಗಣಿಯಿಂದ ಆಗಬಹುದಾದಂಥ ಹಾನಿ ಕಂಡರೆ, ಅದು ಗಣಿಯಿಂದಲೇ ಆಗಿದೆ ಎಂದು ಕಾನೂನು ಹಿಡಿಯುತ್ತದೆ. ಅಲ್ಲ ಎಂದು ತೋರಿಸುವ ಕೆಲಸ ಕಂಪನಿಯದು. ನಮ್ಮಲ್ಲಿ ತಿರುಗುಮುರುಗು. ಸಾಕ್ಷ್ಯವೆಲ್ಲ ಕಂಪನಿಯ ಬೀರುವಿನಲ್ಲಿ, ಸಾಬೀತು ಮಾಡುವ ಹೊಣೆ ರೈತನ ಮೇಲೆ. ಡಿಪಿಲ್ಲರಿಂಗ್‌ಗೆ ಅನುಮತಿ ಕೊಡುವುದು ಧನ್‌ಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಅದು ಕಾರ್ಮಿಕ ಸಚಿವಾಲಯದ ಕೆಳಗೆ ಬರುತ್ತದೆ, ನಮ್ಮದಲ್ಲ ಎಂದು ತಾವು ಹೇಳಬಹುದು. ಆದರೆ ನಕ್ಷೆ ಬರೆಯುವ, ಗೂಟದ ಲೆಕ್ಕ ಇಡುವ ಕಂಪನಿಗಳು ತಮ್ಮವೇ. ಯಾವ ಸರ್ವೆ ನಂಬರ್‌ನ ಕೆಳಗೆ ಯಾವ ತಿಂಗಳು ಪಿಲ್ಲರ್ ತೆಗೆಯುತ್ತಾರೆ, ನೆಲ ಎಷ್ಟು ಇಳಿಯಬಹುದು, ಅಳತೆಯಲ್ಲಿ ಎಷ್ಟು ಇಳಿದಿದೆ, ಎಷ್ಟು ತುಂಬಿಸಿದ್ದಾರೆ ಎಂಬುದನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲು ಯಾವ ಹೊಸ ಕಾಯ್ದೆಯೂ ಬೇಡ. ತಮ್ಮ ಒಂದು ಆದೇಶ ಸಾಕು. ಉಪಗ್ರಹದ ರೇಡಾರ್ ಚಿತ್ರಗಳಿಂದ ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಇಳಿದಿದ್ದನ್ನೂ ಈಗ ಹಿಡಿಯಬಹುದು. ಝರಿಯಾದ ಮೇಲೆ ಇಂಥ ಅಧ್ಯಯನಗಳು ಆಗಿವೆ. ಗೂಟ ಕಿತ್ತುಹೋಯಿತು ಎಂಬ ನೆಪಕ್ಕೂ ಇನ್ನು ಜಾಗವಿಲ್ಲ.

ಸರಿಯಾದ ನಕ್ಷೆ ಗಣಿಯೊಳಗಿನವರಿಗೂ ಬೇಕು ಎಂಬುದನ್ನು ಮರೆಯಬಾರದು. 1975ರ ಡಿಸೆಂಬರ್‌ನಲ್ಲಿ ಧನ್‌ಬಾದ್ ಹತ್ತಿರದ ಚಾಸ್ನಾಲಾ ಗಣಿಯಲ್ಲಿ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. 1989ರಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ ಬೋರ್ ಕೊರೆದು, ಉಕ್ಕಿನ ಕ್ಯಾಪ್ಸೂಲ್ ಇಳಿಸಿ 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲೆತ್ತಿದರು. ನೀರು ತುಂಬಿ ನಿಂತ ಹಳೆಯ ಖಾಲಿ ಜಾಗ ಮೇಲಿನವರಿಗೂ ಶತ್ರು, ಕೆಳಗಿನವರಿಗೂ ಶತ್ರು.

ಇಷ್ಟೆಲ್ಲ ಬರೆದ ಮೇಲೆ ನನ್ನ ಬೇಡಿಕೆ ದೊಡ್ಡದೇನಲ್ಲ. 2025ರಲ್ಲಿ ಭೂಗತ ಗಣಿಗಳಿಗೆ ಕೊಟ್ಟ ರಿಯಾಯಿತಿಯನ್ನು ವಾಪಸ್ ಪಡೆಯಿರಿ ಎಂದು ನಾನು ಹೇಳುವುದಿಲ್ಲ. ಅದನ್ನು ತುಂಬಿಸುವ ಕೆಲಸಕ್ಕೆ ಗಂಟು ಹಾಕಿ. ಊರು, ಗದ್ದೆ, ರಸ್ತೆ, ಕೆರೆ ಇರುವ ಕಡೆ ತುಂಬಿಸಿ ತೆಗೆಯುವವರಿಗೆ ಮಾತ್ರ ಆ ಶೇಕಡ 2ರ ರಿಯಾಯಿತಿ ಸಿಗಲಿ. ತುಂಬಿಸಲು ಆಗುವುದಿಲ್ಲ ಎನ್ನುವವರು ಪಿಲ್ಲರ್‌ಗಳನ್ನು ಹಾಗೇ ಬಿಟ್ಟು ಬರಲಿ, ನಷ್ಟವಾದರೆ ಆಗಲಿ. ತಿಂಗಳ ಟಾರ್ಗೆಟ್ ಪಟ್ಟಿಯಲ್ಲಿ ತೆಗೆದ ಟನ್ ಪಕ್ಕದಲ್ಲಿ ತುಂಬಿದ ಟನ್ ಕೂಡ ಬರಲಿ, ಅಧಿಕಾರಿಗಳ ಬಡ್ತಿಗೆ ಎರಡನ್ನೂ ನೋಡಲಿ. ತುಂಬಿದ್ದನ್ನು ಅಳೆಯುವುದು ಕಂಪನಿಯ ಸರ್ವೇಯರ್ ಒಬ್ಬನೇ ಆಗಬಾರದು. ನಾನೇ ಆ ಕುರ್ಚಿಯಲ್ಲಿ ಕೂತವನು, ಮೇಲಿನಿಂದ ಫೋನ್ ಬಂದರೆ ಪೆನ್ಸಿಲ್ ಹೇಗೆ ಅಲುಗುತ್ತದೆ ಎಂದು ಬಲ್ಲೆ. ಹೊರಗಿನ ಸಂಸ್ಥೆಯವರು ಬಂದು ಅಳೆಯಲಿ, ಜತೆಗೆ ಊರಿನ ಇಬ್ಬರು ನಿಂತು ನೋಡಲಿ.

ಕರ್ನಾಟಕದ ಇಂಧನ ಇಲಾಖೆಗೂ ಇದೇ ಪತ್ರದಲ್ಲಿ ಒಂದು ಮಾತು. ಕಲ್ಲಿದ್ದಲು ಕೊಳ್ಳುವ ಒಪ್ಪಂದ ಮಾಡುವಾಗ ಬೆಲೆ, ಬೂದಿಯ ಪ್ರಮಾಣ, ಶಾಖದ ಗುಣಮಟ್ಟ ಎಲ್ಲ ಕೇಳುತ್ತೀರಿ. ಯಾವ ಗಣಿಯದು, ಅಲ್ಲಿ ತುಂಬಿಸುತ್ತಾರೆಯೇ ಎಂದೂ ಕೇಳಿ. ನಮ್ಮ ಬೂದಿಯನ್ನು ಅದೇ ಗಣಿಗೆ ಕಳಿಸುವ ಏರ್ಪಾಡು ಆಗುತ್ತದೆಯೇ ಎಂದು ರೈಲ್ವೆಯವರ ಜತೆ ಒಮ್ಮೆ ಕೂತು ಮಾತಾಡಿ.

ಮಾನ್ಯ ಸಚಿವರೇ, ಪತ್ರ ತಲುಪಿದೆ, ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ ಎಂಬ ಉತ್ತರ ನನಗೆ ಬೇಡ. ಅಂಥವು ನನ್ನ ಹತ್ತಿರ ಸಾಕಷ್ಟಿವೆ. ಭೂಗತ ಗಣಿಗಳ ಮುಂದಿನ ಹರಾಜಿನ ಟೆಂಡರ್ ದಾಖಲೆ ಪ್ರಕಟವಾದಾಗ ಅದನ್ನು ತರಿಸಿ ಓದುತ್ತೇನೆ. ತುಂಬಿಸುವ ಷರತ್ತಿನ ಒಂದು ಪುಟ ಅದರಲ್ಲಿ ಇದ್ದರೆ ಅದೇ ತಮ್ಮ ಉತ್ತರ ಎಂದು ತಿಳಿದುಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿ ಸರ್ವೇಯರ್,
ಬಂಗಾರಪೇಟೆ, ಕೋಲಾರ ಜಿಲ್ಲೆ